ಜೆರಾಕ್ಸ್ ಅಂಗಡಿಗೆ ಬಂದ ಫಾರ್ವರ್ಡುಗಳು

ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಬೋರ್ಡಿನಲ್ಲಿ ಜೆರಾಕ್ಸ್ ಅಂತಿದ್ದರೂ ಜನ ಬರುವುದು ಮೊಬೈಲ್ ಹಿಡಿದುಕೊಂಡೇ. "ಅಕ್ಕಾ, ಇದ್ನ ಗ್ರೂಪಿಗಾಕು," "ಅಕ್ಕಾ, ಆ ಫೋಟೋ ಅಳ್ಸಾಕು." ಇವತ್ತು ಏನೂ ಆಗಲಿಲ್ಲವಲ್ಲ ಎಂದು ಷಟರಿಗೆ ಕೈ ಹಾಕುವಷ್ಟರಲ್ಲಿ ಯಾರೋ ಒಬ್ಬರು ಮೆಟ್ಟಿಲು ಹತ್ತಿರುತ್ತಾರೆ.

ಗುಲಾಬಿಗೆ ಶುಭೋದಯ

ಯಳಂದೂರಿನ ನಿವೃತ್ತ ಮೇಷ್ಟ್ರೊಬ್ಬರು, ಮದುವೆಯಾಗದೇ ಉಳಿದವರು. ಹೈಸ್ಕೂಲಿನಲ್ಲಿ ಜೊತೆಗೆ ಓದಿದವರು ವಾಟ್ಸಾಪ್ ಗ್ರೂಪ್ ಮಾಡಿ ಇವರನ್ನೂ ಸೇರಿಸಿದರು. ಅದರಲ್ಲಿ, ಆ ಕಾಲಕ್ಕೆ ಕಿಟಕಿ ಪಕ್ಕ ಕೂರುತ್ತಿದ್ದ ಹುಡುಗಿಯ ಹೆಸರೂ ಇತ್ತು. ಫೋಟೋ ಜಾಗದಲ್ಲಿ ಬರೀ ಗುಲಾಬಿ. ಮೇಷ್ಟ್ರು ಆ ಗುಲಾಬಿಗೆ ದಿನಾ ಬೆಳಗ್ಗೆ ಆರಕ್ಕೆ ಶುಭೋದಯ ಕಳಿಸತೊಡಗಿದರು. ಆ ಕಡೆಯಿಂದ ಕೈಮುಗಿದ ಚಿತ್ರ ತಪ್ಪದೆ ಬರುತ್ತಿತ್ತು. ಕಳಿಸಲು ಚಿತ್ರ ಮುಗಿದಾಗ ನನ್ನಲ್ಲಿಗೆ ಬಂದು, "ಸೂರ್ಯ ಹುಟ್ಟಿದ್ದು ಸಾಕಾಯ್ತಮ್ಮ, ನವಿಲಿದ್ರೆ ಕೊಡು" ಅನ್ನುತ್ತಿದ್ದರು.

ಎಷ್ಟೋ ತಿಂಗಳ ಮೇಲೆ ಒಂದು ದಿನ ಧೈರ್ಯ ಮಾಡಿ, ನನ್ನ ಅಂಗಡಿಯಲ್ಲೇ ಕೂತು, 'ಚೆನ್ನಾಗಿದ್ದೀರಾ?' ಎಂದು ಕೇಳಿದರು. ಉತ್ತರ ಬಂತು. ತಾವು ನೋಡದೆ ಮೊಬೈಲ್ ಸೆಟ್ಟನ್ನು ನನಗೆ ಕೊಟ್ಟರು. ಓದಿದೆ: "ಸಾ, ನಾನು ಅವಳ ಯಜಮಾನ. ಅವಳಿಗೆ ಮೊಬೈಲ್ ಅಂದ್ರೆ ಆಗಲ್ಲ. ಈ ನಂಬರ್ ನೋಡ್ಕೊಳ್ಳೋನು ನಾನೇ."

ಮೇಷ್ಟ್ರ ಮುಖ ಇಳಿಯಿತು. ಕೆಳಗೆ ಇನ್ನೊಂದು ಸಾಲಿತ್ತು: "ನಿಮ್ಮ ಶುಭೋದಯ ಬಂದ್ಮೇಲೇ ನಾನು ಬಿಪಿ ಮಾತ್ರೆ ನುಂಗೋದು. ದಯವಿಟ್ಟು ನಿಲ್ಲಿಸ್ಬೇಡಿ."

ಮೇಷ್ಟ್ರು ಸೆಟ್ಟನ್ನು ಜೇಬಿಗೆ ಹಾಕಿಕೊಂಡು ಅಂದರು: "ಹಂಗಾದ್ರೆ ನಾಳೆಗೆ ನವಿಲು ಬೇಡಮ್ಮ. ಯಾವುದಾದ್ರೂ ದೇವರ ಫೋಟೋ ಕೊಡು."

ಕಾಣೆಯಾದವಳು

ಮಧುವನಹಳ್ಳಿಯ ಹೆಂಗಸೊಬ್ಬಳು ಗಂಡನ ಮೇಲೆ ಮುನಿಸಿಕೊಂಡು ಅಗರದ ತವರಿಗೆ ಹೋಗಿಬಿಟ್ಟಳು. ಗಂಡ ಗಾಬರಿಯಾಗಿ ಅವಳ ಫೋಟೋ ಜೊತೆಗೆ 'ಕಾಣೆಯಾಗಿದ್ದಾಳೆ' ಎಂದು ಊರಿನ ಗ್ರೂಪಿಗೆ ಹಾಕಿದ. ಮೂರನೇ ದಿನ ಅವಳು ಮನೆಗೆ ಬಂದಳು. ಮೆಸೇಜು ಮಾತ್ರ ಬರಲಿಲ್ಲ, ಊರೂರು ಸುತ್ತುತ್ತಲೇ ಇತ್ತು. ಸಂತೆಯಲ್ಲಿ ಸೊಪ್ಪು ಮಾರುವವಳು ಅವಳ ಕೈ ಹಿಡಿದು, "ಸಿಕ್ಬುಟ್ಲು ಕಣ್ರಿ!" ಎಂದು ಕೂಗಿದಳು. ಬಸ್ಸಿನಲ್ಲಿ ಕಂಡಕ್ಟರ್, "ಮೊದ್ಲು ಮನೆಗೋಗವ್ವ" ಎಂದು ಕೆಳಗಿಳಿಸಿದ.

"ನಾನ್ ಸಿಕ್ಕಿವ್ನಿ ಅಂತ ಆಕ್ಬುಡಕ್ಕ, ತಲೆಯೆತ್ತಿ ತಿರುಗೋ ಅಂಗಿಲ್ಲ" ಎಂದು ನನ್ನಲ್ಲಿಗೆ ಬಂದಳು. ಟೈಪ್ ಮಾಡಿದೆ. ಕಳಿಸುವ ಮುಂಚೆ, "ನಮ್ಮೋರು ಏನಂತ ಬರ್ದವ್ರೆ? ನಂಗೆ ಓದಕ್ ಬರಾಕಿಲ್ಲ" ಅಂದಳು. ಓದಿದೆ: "ಬಲು ಒಳ್ಳೇಳು. ಕ್ವಾಪ ಜಾಸ್ತಿ, ತಪ್ಪು ನಂದೇಯ. ಅವಳಿಲ್ದೆ ಮನೆ ಮನೆಯಂಗಿಲ್ಲ."

"ಇನ್ನೊಂದ್ಸಲ ಓದಕ್ಕ." ಮೂರು ಸಲ ಓದಿಸಿದಳು. "ಮದ್ವೆಯಾಗಿ ಇಪ್ಪತ್ ವರ್ಸ. ಒಂದಿನಾನೂ ಇಂಗಂದಿಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕಳಿಸಲು ಹೋದರೆ ಕೈ ಹಿಡಿದುಕೊಂಡಳು. "ಈಗ್ಲೇ ಬ್ಯಾಡ ಕಣಕ್ಕ. ಇನ್ನೊಂದ್ ವಾರ ಕಾಣೆಯಾಗೇ ಇರ್ತೀನಿ."

ಊರೆಲ್ಲ ಕೇಳಿದ ಬೈಗುಳ

ಹನೂರು ಕಡೆ ಕಾಡಂಚಿನ ಹಳ್ಳಿಯ ತಾತ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಯಾವತ್ತೋ ಪಕ್ಕದ ಮನೆಯವರ ಮೊಬೈಲಿನಿಂದ ಅವಳು ಕಳಿಸಿದ್ದ ವಾಯ್ಸ್ ಮೆಸೇಜು ತಾತನ ಸೆಟ್‌ನಲ್ಲಿತ್ತು. ಪೂರ್ತಿ ಬೈಗುಳ. ದನ ಮೇಯಿಸುತ್ತಾ ದಿನವೂ ಅದನ್ನು ಕೇಳುತ್ತಿದ್ದ. ಊರಿನವರು ಯಾರೋ ಅದನ್ನು ಶೇರ್ ಮಾಡಿಕೊಂಡು ರಿಂಗ್‌ಟೋನ್ ಮಾಡಿದರು. ನೋಡನೋಡುತ್ತಾ ಸುತ್ತಲ ಹಳ್ಳಿಗಳ ಜೇಬುಗಳಲ್ಲೆಲ್ಲ ಅಜ್ಜಿ ಕೂಗತೊಡಗಿದಳು.

ತಾತ ಕೆಂಡವಾಗಿ ನನ್ನಲ್ಲಿಗೆ ಬಂದ. "ನನ್ನೆಡ್ತಿ ಬೈದಿದ್ದು ನಂಗೆ ಕಣವ್ವ. ಊರೋರ್ಗೆಲ್ಲ ಯಾಕ್ ಬೈಬೇಕು? ಎಲ್ಲಾರ್ ಸೆಟ್‌ನಿಂದ್ಲೂ ಅಳ್ಸಾಕು!" ಅದು ನನ್ನ ಕೈಲಾಗದ ಕೆಲಸ ಎಂದು ಹೇಳಿ ಕಳಿಸಿದೆ.

ಸ್ವಲ್ಪ ದಿನಕ್ಕೆ ದನಕ್ಕೆ ನೀರು ಕುಡಿಸುವಾಗ ಸೆಟ್ ಕೆರೆಗೆ ಬಿತ್ತು. ನನ್ನಲ್ಲಿಗೆ ತಂದ. ಎಷ್ಟು ಒಣಗಿಸಿದರೂ ಅದು ಬದುಕಲಿಲ್ಲ. ತಾತ ಬೆಂಚಿನ ಮೇಲೆ ಕುಸಿದು, "ಎಲ್ಡನೇ ಸಲಾನೂ ಬುಟ್ಟೋಗ್ಬುಟ್ಲು" ಅಂದ.

ಅಜ್ಜಿಯ ಬೈಗುಳ ಯಾರಲ್ಲಾದರೂ ಇದ್ದರೆ ಕಳಿಸಿ ಎಂದು ನಾನು ಗೊತ್ತಿದ್ದ ಗ್ರೂಪಿಗೆಲ್ಲ ಹಾಕಿ ಬೇಡಿಕೊಂಡೆ. ರಿಂಗ್‌ಟೋನ್ ಹಳೆಯದಾಗಿ ಎಲ್ಲರೂ ಅಳಿಸಿದ್ದರು. ನಾಲ್ಕನೇ ದಿನ ಗಡಿಯಾಚೆಯಿಂದ ಒಬ್ಬ ತಮಿಳು ಲಾರಿ ಡ್ರೈವರ್ ಕಳಿಸಿ, ಫೋನೂ ಮಾಡಿ ತಮಿಳಿನಲ್ಲೇ ಅಂದ: "ಅರ್ಥ ಆಗಲ್ಲ ಅಕ್ಕಾ. ಆದ್ರೆ ನಮ್ಮಮ್ಮ ಬೈದಂಗೇ ಇತ್ತು. ಅದ್ಕೇ ಇಟ್ಕೊಂಡಿದ್ದೆ."

ತಾತನನ್ನು ಕರೆಸಿ ಕೇಳಿಸಿದೆ. "ಲೋ ಮೂದೇವಿ, ಎಲ್ಲೋಗ್ ಬಿದ್ದಿದ್ದೀಯೋ? ಮುದ್ದೆ ತಣ್ಗಾಯ್ತಾ ಅದೆ! ನಿನ್ ಕಿವಿಗ್ ಮಣ್ಣಾಕ!" ಕಣ್ಣು ಮುಚ್ಚಿ ಕೂತಿದ್ದ ತಾತ ಥಟ್ಟನೆ ಕಣ್ಣು ಬಿಟ್ಟ.

"ಒಂದ್ ಬೈಗುಳ ಕಮ್ಮಿ ಅದೆ."

ರಿಂಗ್‌ಟೋನಿಗೆಂದು ಯಾರೋ ತುದಿ ಕತ್ತರಿಸಿದ್ದರು. "ಕೊನೇಲಿ ಏನಂತಿತ್ತು ತಾತ?" ಎಂದೆ. ಅಂಗಡಿ ತುಂಬ ಜನ ನಿಂತಿದ್ದನ್ನೂ ಮರೆತು ತಾತ ಹೆಂಡತಿಯ ದನಿ ತೆಗೆದ: "ಬಿರ್ನೆ ಬಂದ್ ಸಾಯಿ ಮುದ್ಕಾ! ನೀನಿಲ್ದೆ ನಂಗೂ ತಿನ್ನಕಾಗಕಿಲ್ಲ!"

ಯಾರೂ ನಗಲಿಲ್ಲ. ನಾನು ಇನ್ನೊಮ್ಮೆ ಹೇಳಿಸಿ, ರೆಕಾರ್ಡ್ ಮಾಡಿ, ತುದಿಗೆ ಜೋಡಿಸಿ ತಾತ ಕೊಂಡಿದ್ದ ಹೊಸ ಸೆಟ್ಟಿಗೆ ಹಾಕಿಕೊಟ್ಟೆ. ತಾತ ಮೊದಲಿಂದ ಕೊನೆಯವರೆಗೆ ಕೇಳಿ ತಲೆಯಾಡಿಸಿದ.

"ಕೊನೇದ್ರಲ್ಲಿ ಖಾರ ಸಾಲ್ದು ಕಣವ್ವ. ನಾ ಬೈದ್ರೆ ನಂಗೆ ಭಯಾನೇ ಆಗಾಕಿಲ್ಲ."