ನೆಲದ ಮೇಲಿಲ್ಲದ ಬಕೆಟ್ಟಿನ ಕಲೆ

‘ಹಳೆಯ ಸೊಗಸು’ ನೆಲಹಾಸು ಕಾರ್ಖಾನೆಯ ವಿನ್ಯಾಸ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಬಚ್ಚಲುಮನೆಯ ಹೊಸ್ತಿಲಾಚೆ ನಿಂತು, ಒಳಗಿನಿಂದ ಬರುತ್ತಿರುವ ಬ್ರಶ್ಶಿನ ಸದ್ದನ್ನು ಕೇಳುತ್ತಲೇ ತಮಗೆ ಅನಂತ ವಂದನೆಗಳನ್ನು ಸಲ್ಲಿಸುತ್ತಿದ್ದೇನೆ. ಉಜ್ಜುತ್ತಿರುವವರು ನಮ್ಮ ಅತ್ತೆ, ವಯಸ್ಸು ಎಪ್ಪತ್ತನಾಲ್ಕು. ಉಜ್ಜಿಸಿಕೊಳ್ಳುತ್ತಿರುವುದು ತಮ್ಮ ನೆಲ.

ನಮ್ಮದು ಹಳೆಯ ಮನೆ. ಹಿತ್ತಾಳೆ ನಲ್ಲಿ, ಪಿಂಗಾಣಿ ತೊಟ್ಟಿ, ಕಪ್ಪು ಬಿಳುಪು ಚೌಕಳಿಯ ಕಲ್ಲುನೆಲ, ಇಷ್ಟನ್ನೂ ಅತ್ತೆ ನಲವತ್ತೆಂಟು ವರ್ಷ ಒಂದು ಕಲೆಯೂ ಬೀಳದಂತೆ ಕಾಪಾಡಿದ್ದರು. ಕೆಳಗಿನ ಪೈಪು ಒಡೆದು ನೆಲ ಅಗೆಯಬೇಕಾಗಿ ಬಂದಾಗ, ಅದೇ ಥರದ ಕಲ್ಲು ಹಾಕಿಸದಿದ್ದರೆ ಮಗಳ ಮನೆಗೇ ಹೋಗಿಬಿಡುವುದಾಗಿ ಸಾರಿದರು. ಅಂಥ ಕಲ್ಲಿನ ದರ ಕೇಳಿದ ನನ್ನ ಗಂಡ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದ ಕಮೋಡಿನ ಮೇಲೆಯೇ ಕುಸಿದು ಕುಳಿತರು. ಆಗ ಮೂಲೆಯಲ್ಲಿ ಚಾಪೆಯಂತೆ ಸುತ್ತಿಟ್ಟಿದ್ದ ತಮ್ಮ ಪ್ಲಾಸ್ಟಿಕ್ ಹಾಸು ಕಣ್ಣಿಗೆ ಬಿತ್ತು. ನೂರು ವರ್ಷದ ಹಿಂದಿನ ನೆಲದ ಫೋಟೋ ತೆಗೆದು ಅಚ್ಚೊತ್ತಿದ ತದ್ರೂಪು, ಕಲ್ಲಿನ ದರದ ಹತ್ತನೇ ಒಂದು ಪಾಲು! ಅತ್ತೆ ಊರಲ್ಲಿಲ್ಲದ ಎರಡು ದಿನ ನೋಡಿ ಅಂಟಿಸಿ, ಬಂದವರಿಗೆ ಕಲ್ಲೇ ಎಂದು ಹೇಳಿದೆ. ಕಲ್ಲು ಯಾಕೋ ಬೆಚ್ಚಗಿದೆಯಲ್ಲ ಎಂದರು. ಹೊಸ ಕಲ್ಲು ಹಾಗೇ ಎಂದೆ. ಅವರ ಮಸುಕು ಕನ್ನಡಕವೂ ನನ್ನ ಪಕ್ಷದಲ್ಲಿತ್ತು.

ತಮ್ಮ ಪ್ರಾಮಾಣಿಕತೆಯನ್ನು ಎಷ್ಟು ಹೊಗಳಿದರೂ ಸಾಲದು. ಬೇರೆಯವರಾಗಿದ್ದರೆ ಬರೀ ಚೌಕಳಿ ಅಚ್ಚುಹಾಕಿ ಸುಮ್ಮನಾಗುತ್ತಿದ್ದರು; ತಾವು ಆ ಕಾಲದ ಯಾರೋ ಪುಣ್ಯಾತ್ಮರು ಇಟ್ಟು ಮರೆತ ಕಬ್ಬಿಣದ ಬಕೆಟ್ಟಿನ ತುಕ್ಕಿನ ಬಳೆಯನ್ನೂ ಬಿಡದೆ, ಎರಡಡಿಗೊಂದರಂತೆ ಒಟ್ಟು ಹದಿನೆಂಟು ಕಡೆ ಅಚ್ಚೊತ್ತಿದ್ದೀರಿ. ಅಂಗಡಿಯಲ್ಲಿ ಅದು ನಮಗೆ ಸೊಬಗಾಗಿಯೇ ಕಂಡಿತ್ತು. ಮನೆಯಲ್ಲಿ ಮಾತ್ರ ಅತ್ತೆ ತನಿಖೆ ಶುರುಮಾಡಿದರು. ನಮ್ಮಲ್ಲಿ ಕಬ್ಬಿಣದ ಬಕೆಟ್ಟೇ ಇಲ್ಲ ಎಂಬ ನನ್ನ ಗಂಡನ ವಾದ ಬಿದ್ದುಹೋಗಿ, ತೀರ್ಪು ಸೊಸೆಯ ಮೇಲೆ ಬಂತು. ಆಮೇಲೆ ನಿಂಬೆಹಣ್ಣು, ಸೋಡಾಪುಡಿ, ತೆಂಗಿನ ನಾರು ಎಲ್ಲವೂ ಸರದಿಯಲ್ಲಿ ಒಳಗೆ ಹೋದವು. ಇಂದಿಗೆ ಹನ್ನೊಂದನೆಯ ದಿನ.

ನಿನ್ನೆ ಅತ್ತೆ ಬ್ರಶ್ಶು ಕೆಳಗಿಟ್ಟು, “ನನ್ನ ಕೈಲಿ ಕಸುವು ಹೋಯ್ತು ಕಣೇ” ಅಂದರು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಸುಳ್ಳು ಹೇಳಿದವಳು ನಾನೇ ಎಂಬುದು ನೆನಪಾಗಿ ಮುಚ್ಚಿದೆ.

ಆದಕಾರಣ ನನ್ನ ಬಿನ್ನಹವಿಷ್ಟೆ. ಆ ಮೂಲ ಬಕೆಟ್ಟನ್ನು ಇಟ್ಟವರನ್ನು ದಯಮಾಡಿ ಹುಡುಕಿಸಿ, ಅವರಿಂದ ಅತ್ತೆಯವರಿಗೆ ಒಂದು ತಪ್ಪೊಪ್ಪಿಗೆ ಪತ್ರ ಬರೆಸಿಕೊಡಬೇಕು; ಅವರು ತೀರಿಕೊಂಡಿದ್ದರೆ ಮೊಮ್ಮಕ್ಕಳು ಬರೆದರೂ ನಡೆಯುತ್ತದೆ. ಅದೂ ಆಗದಿದ್ದರೆ, ಮುಂದಿನ ನಮೂನೆಗೆ ಫೋಟೋ ತೆಗೆಯುವ ಮುನ್ನ ಆ ನೂರು ವರ್ಷದ ನೆಲವನ್ನು ಯಾರಾದರೂ ಒಂದು ಸಲ ತೊಳೆಯಬಾರದೇ?

ತಮ್ಮ ವಿಶ್ವಾಸಿ, ಹದಿನೆಂಟು ಬಕೆಟ್ಟುಗಳ ಏಕೈಕ ಆರೋಪಿ,
ಮನೆಯ ಸೊಸೆ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ಒಳಗಿನಿಂದ “ಹೋಯ್ತು! ಬಾರೇ, ನೋಡ್ಬಾ!” ಎಂಬ ಕೂಗು ಬಂತು. ಓಡಿಹೋಗಿ ನೋಡಿದರೆ ಒಂದು ಕಲೆ ಹೋಗಿದೆ, ಅದರ ಜೊತೆಗೆ ಎರಡು ಚೌಕವೂ ಹೋಗಿ ಬಿಳಿ ಪ್ಲಾಸ್ಟಿಕ್ಕು ಇಣುಕುತ್ತಿದೆ. ಅತ್ತೆ ಅದನ್ನು ಉಗುರಿನಿಂದ ಕೆರೆದು, “ಕಲ್ಲು ಅಂತ ಹೇಳಿ ನಿಮ್ಮ ತಲೆಗೆ ಇದನ್ನು ಕಟ್ಟಿದವರು ಯಾರು?” ಎಂದು ಕೇಳಿದರು. ನಾನು ರೆಪ್ಪೆ ಮಿಟುಕಿಸದೆ ತಮ್ಮ ವಿಳಾಸ ಕೊಟ್ಟಿದ್ದೇನೆ. ಸೋಮವಾರ ಬ್ರಶ್ಶಿನ ಸಮೇತ ಬರುತ್ತಿದ್ದಾರೆ. ಕೈಯ ಕಸುವು ಪೂರ್ತಿ ವಾಪಸು ಬಂದಿದೆ.