ಸೋಲಾರ್ ಹಲಗೆಯ ಮೇಲೆ ಸಂಡಿಗೆ

ಬಿಸಿಲನ್ನು ದಂಡ ಮಾಡಬಾರದು ಎಂಬುದು ನಮ್ಮತ್ತೆ ನನಗೆ ಕಲಿಸಿದ ಮೊದಲ ಪಾಠ. ಬೇಸಿಗೆಯಲ್ಲಿ ಖಾಲಿ ಬಿಸಿಲು ಕಂಡರೆ ಅವರಿಗೆ ಸಂಕಟವಾಗುತ್ತಿತ್ತು. ಮೆಣಸಿನಕಾಯಿ, ಹುಣಸೆಹಣ್ಣು, ಹಾಸಿಗೆ, ಏನೂ ಇಲ್ಲದಿದ್ದರೆ ಒದ್ದೆ ಚಪ್ಪಲಿಯನ್ನಾದರೂ ಅದಕ್ಕೆ ಒಡ್ಡಬೇಕು. ಇದಕ್ಕೆ ಈಗ ಅಸಾಂಪ್ರದಾಯಿಕ ಶಕ್ತಿಮೂಲದ ಬಳಕೆ ಎನ್ನುತ್ತಾರಂತೆ. ಈ ಮಾತು ಹೇಳಿದವರು ನಮ್ಮ ಯಜಮಾನರು. ಅವರಿಗೆ ಹಗಲು ಚೆನ್ನೈಯ ಅಂಬತ್ತೂರಿನ ಕಾರ್ಖಾನೆಯಲ್ಲಿ ಕೆಲಸ, ಉಳಿದ ಹೊತ್ತು ಮನೆಯ ಸ್ವಿಚ್ಚುಗಳನ್ನು ಆರಿಸುವ ಕೆಲಸ. ಊಟದ ನಡುವೆ ನಾನು ಉಪ್ಪು ತರಲು ಎದ್ದರೆ, ಬರುವಷ್ಟರಲ್ಲಿ ನನ್ನ ತಲೆಯ ಮೇಲಿನ ಫ್ಯಾನು ನಿಂತಿರುತ್ತದೆ.

ತಾಂಬರಂನ ನಮ್ಮ ಅಪಾರ್ಟ್‌ಮೆಂಟಿನ ತಾರಸಿಗೆ ಸೋಲಾರ್ ಹಾಕಿಸಿದವರೂ ಅವರೇ. ಲಿಫ್ಟು, ಪಂಪು, ಮೆಟ್ಟಿಲ ದೀಪಗಳಿಗೆಲ್ಲ ಬಿಸಿಲೇ ಸಾಕೆಂದು ಮೀಟಿಂಗಿನಲ್ಲಿ ವಾದಿಸಿ, ಒಲ್ಲೆನೆಂದ ಸೆಕ್ರೆಟರಿಯನ್ನು ಒಪ್ಪಿಸಿದ್ದರು. ಮಾತಿನ ಭರದಲ್ಲಿ, ಸರಿಯಾಗಿ ಓಡದಿದ್ದರೆ ತಾವೇ ನಿಂತು ಬಿಚ್ಚಿಸುವುದಾಗಿಯೂ ಅಂದುಬಿಟ್ಟಿದ್ದರು. ಅಂದಿನಿಂದ ದಿನಾ ಸಂಜೆ ಮೀಟರ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುವುದು. ಕರೆಂಟು ಜಾಸ್ತಿ ಬಂದ ದಿನ ಸಾರಿಗೆ ಉಪ್ಪು ಕಡಿಮೆಯಾದರೂ ಮಾತಿಲ್ಲ.

ತೊಂದರೆ ಒಂದೇ. ತಾರಸಿಯ ಒಳ್ಳೆಯ ಬಿಸಿಲಿನ ಜಾಗವನ್ನೆಲ್ಲ ಆ ಹನ್ನೆರಡು ಹಲಗೆಗಳು ಹಿಡಿದುಕೊಂಡವು. ನಾನು ಸಂಡಿಗೆ ಒಣಗಿಸುತ್ತಿದ್ದ ಮೂಲೆಗೆ ನೆರಳು ಬಿತ್ತು. ಹಲಗೆಗಳೋ ನುಣ್ಣಗೆ, ಸ್ವಲ್ಪವೇ ಇಳಿಜಾರಾಗಿ, ಕಾದ ಕಾವಲಿಯ ಹಾಗೆ ಬಿಸಿಯಾಗಿದ್ದವು. ಹನ್ನೆರಡರಲ್ಲಿ ಎರಡು ನನಗಿದ್ದರೆ ಲಿಫ್ಟಿಗೆ ಹತ್ತು ಉಳಿಯುತ್ತವಲ್ಲ ಎಂದು ನ್ಯಾಯವಾಗಿಯೇ ಯೋಚಿಸಿದೆ. ಹಳೆಯ ನೂಲಿನ ಸೀರೆ ಹಾಸಿ, ಕ್ಲಿಪ್ಪು ಹಾಕಿ, ಅಕ್ಕಿ ಸಂಡಿಗೆ ಇಟ್ಟೆ. ಕಾಗೆ ಬಾರದಿರಲೆಂದು ಕಪ್ಪು ಕೊಡೆಯನ್ನೂ ಬಿಡಿಸಿಟ್ಟೆ. ಸಂಜೆ ಅವರು ಬರುವ ಮುಂಚೆ ಎಲ್ಲವನ್ನೂ ಇಳಿಸಿ ತರುತ್ತಿದ್ದೆ. ಮುಚ್ಚಿಟ್ಟೆ ಎನ್ನಲಾಗದು, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ನೋಟ್‌ಬುಕ್ಕಿನ ಅಂಕಿ ಇಳಿಯುತ್ತ ಇಳಿಯುತ್ತ ಅರ್ಧಕ್ಕೂ ಕೆಳಗೆ ಬಂತು. ಯಜಮಾನರು ಮೊದಲು ಧೂಳನ್ನು ಬೈದರು, ಆಮೇಲೆ ಪಾರಿವಾಳಗಳನ್ನು, ಆಮೇಲೆ ಸಮುದ್ರದ ಉಪ್ಪುಗಾಳಿಯನ್ನು. ಭಾನುವಾರ ತಾವೇ ಬಕೆಟ್ಟು ಹೊತ್ತು ಹಲಗೆಗಳನ್ನು ತೊಳೆದರು. ಸೆಕ್ರೆಟರಿ ಗೇಟಿನಲ್ಲಿ ಸಿಕ್ಕಾಗಲೆಲ್ಲ, "ಎನ್ನ ಸಾರ್, ಚೆನ್ನೈಲೆ ವೆಯಿಲ್ ತೀರ್ಂದು ಪೋಚಾ?" ಎಂದು, ಚೆನ್ನೈಯಲ್ಲಿ ಬಿಸಿಲೇ ಮುಗಿದುಹೋಯಿತೇನೋ ಎಂಬಂತೆ ಕೇಳುತ್ತಿದ್ದರು. ಬರುವ ಮೀಟಿಂಗಿನಲ್ಲಿ ಬಿಚ್ಚಿಸುವ ಮಾತು ಬರುವುದು ಖಂಡಿತವಾಗಿತ್ತು. ನನಗೆ ಅನುಮಾನ ಬರಲಿಲ್ಲವೇ? ಬಂದಿತ್ತು. ಆದರೆ ಎರಡು ಹಲಗೆ ಮುಚ್ಚಿದರೆ ಅರ್ಧಕ್ಕಿಂತ ಹೆಚ್ಚು ಇಳಿಯುವುದುಂಟೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಒಂದು ಮಧ್ಯಾಹ್ನ ಇವರು ಅರ್ಧ ದಿನ ರಜೆ ಹಾಕಿ, ಸೋಲಾರ್ ಮೆಕ್ಯಾನಿಕ್ಕನ್ನು ಕರೆತಂದು, ಸೆಕ್ರೆಟರಿಯ ಜೊತೆ ನೇರ ತಾರಸಿಗೆ ನಡೆದರು. ನಾನು ಒಲೆ ಆರಿಸಿ ಹಿಂದೆಯೇ ಓಡಿದೆ. ಮೇಲೆ ಮೂವರೂ ನನ್ನ ಸಂಡಿಗೆಯ ಸುತ್ತ ನಿಂತಿದ್ದರು. ನರೆತ ಮೀಸೆಯ ಮೆಕ್ಯಾನಿಕ್ಕು ನನ್ನ ಕೊಡೆಯನ್ನು ಎತ್ತಿ ಹಿಡಿದು, "ಕುಡೆ ಪುಡಿಚ್ಚಾ ಸೋಲಾರ್ ಎಪ್ಪಡಿ ಸಾರ್ ಓಡುಂ?" ಎಂದ. ಕೊಡೆ ಹಿಡಿದರೆ ಸೋಲಾರ್ ಹೇಗೆ ಓಡೀತು, ಪಾಪ. ಒಂದು ಸಾಲಿನ ಹಲಗೆಗಳೆಲ್ಲ ಒಂದೇ ಹಗ್ಗಕ್ಕೆ ಕಟ್ಟಿದ ಎತ್ತುಗಳ ಹಾಗಂತೆ. ಒಂದು ಮಲಗಿದರೆ ಉಳಿದವೂ ನಿಲ್ಲುತ್ತವಂತೆ. ಯಜಮಾನರು ಸೀರೆಯನ್ನು ನೋಡಿದರು, ನನ್ನನ್ನು ನೋಡಿದರು. "ಇದು ನಿಂದಲ್ವೇನೇ?" ಎಂದರು. ಬೈದಿದ್ದರೆ ವಾಸಿಯಿತ್ತು. ಅಷ್ಟು ಮೆಲ್ಲಗೆ ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ, ಹಿಂದಿನ ಸಾಲು ನೋಡಲು ನೀರಿನ ಟ್ಯಾಂಕಿನ ಆಚೆ ಹೋದ ಮೆಕ್ಯಾನಿಕ್ಕು, "ಸಾರ್, ಇಂಗೆಯುಂ ಇರುಕ್ಕು" ಎಂದು ಕೂಗಿದ. ಇಲ್ಲೂ ಇದೆಯಂತೆ. ನಾನೆಂದೂ ಆ ಕಡೆ ಕಾಲಿಟ್ಟಿರಲಿಲ್ಲ. ಅಲ್ಲೂ ಮೂರು ಹಲಗೆಗಳ ಮೇಲೆ ಬಿಳಿ ಪಂಚೆ, ಪಂಚೆಯ ತುಂಬ ಸಬ್ಬಕ್ಕಿ ಸಂಡಿಗೆ. ಸೆಕ್ರೆಟರಿ ಬಗ್ಗಿ, ಅಂಚಿನಲ್ಲಿದ್ದ ಅಗಸನ ಗುರುತನ್ನು ಓದಿ, ಹಾಗೆಯೇ ಸ್ವಲ್ಪ ಹೊತ್ತು ಬಗ್ಗಿಕೊಂಡೇ ಇದ್ದರು. ಅದು ಅವರದೇ ಪಂಚೆ. ಸಂಡಿಗೆ ಮಗುಚಲು ಆಗಷ್ಟೇ ಮೇಲೆ ಬಂದ ಅವರ ಹೆಂಡತಿ ಜಾನಕಿ ಮಾಮಿ ನನ್ನತ್ತ ಕೈ ತೋರಿಸಿ, "ಇವ ಪೋಟ್ಟಾ, ನಾನುಂ ಪೋಟ್ಟೇನ್" ಎಂದರು. ಇವಳು ಹಾಕಿದಳು, ನಾನೂ ಹಾಕಿದೆ. ಅಷ್ಟೇ ಅವರ ವಾದ. ಸೆಕ್ರೆಟರಿ ನೆಟ್ಟಗಾಗಿ, "ಪರವಾಯಿಲ್ಲೆ ಸಾರ್, ಸೋಲಾರ್ ನಲ್ಲಾ ದಾನ್ ಇರುಕ್ಕು" ಎಂದು, ಸೋಲಾರ್ ಚೆನ್ನಾಗಿಯೇ ಇದೆಯೆಂದು ತಾವೇ ಶಿಫಾರಸು ಕೊಟ್ಟರು. ಬಿಚ್ಚಿಸುವ ಮಾತು ಅಲ್ಲಿಗೇ ಒಣಗಿತು. ನನ್ನ ಎದೆಯಿಂದ ಒಳಕಲ್ಲು ಇಳಿಸಿದಂತಾಯಿತು.

ಮರುದಿನ ಸಂಜೆ ಅಂಕಿ ಮತ್ತೆ ಮೇಲೇರಿತು. ಊಟಕ್ಕೆ ಕೂತ ಯಜಮಾನರು ಕರಿದ ಸಂಡಿಗೆಯನ್ನು ಮೂರನೆಯ ಸಲ ಹಾಕಿಸಿಕೊಂಡು, "ಈ ಸಲದ್ದು ಚೆನ್ನಾಗಿ ಒಣಗಿದೆ ಕಣೆ" ಎಂದರು.

"ಒಣಗದೆ ಏನ್ರೀ, ಲಿಫ್ಟಿನ ಪಾಲೂ ಅದರಲ್ಲೇ ಇದೆಯಲ್ಲ."

ಈಗ ಹಲಗೆಗಳ ಉಸ್ತುವಾರಿ ನನ್ನದೇ. ದಿನಾ ಬೆಳಗ್ಗೆ ಅದೇ ಸೀರೆಯ ತುಂಡಿನಿಂದ ಒರೆಸುತ್ತೇನೆ, ಪಾರಿವಾಳ ಓಡಿಸುತ್ತೇನೆ, ಯಾರಾದರೂ ಕರವಸ್ತ್ರ ಒಣಗಿಸಲು ಬಂದರೂ ಶಕ್ತಿಯ ಉಳಿತಾಯದ ಮೇಲೆ ನಾಲ್ಕು ಮಾತು ಹೇಳುತ್ತೇನೆ. ಮೊನ್ನೆ ಹೊತ್ತೇರಿದ ಮೇಲೆ ಒರೆಸುವಾಗ ಕೈ ಹಲಗೆಯ ಅಡಿಗೆ ತಗಲಿ ಚುರುಕ್ಕೆಂದಿತು. ಅಲ್ಲಿ ಅಷ್ಟೊಂದು ಬಿಸಿ, ಯಾರಿಗೂ ಬೇಡವಾಗಿ ಸುಮ್ಮನೆ ಬಿದ್ದಿದೆ. ಅಡಿಯಲ್ಲಿಟ್ಟರೆ ಮೇಲೆ ನೆರಳೂ ಬೀಳುವುದಿಲ್ಲ, ನೋಟ್‌ಬುಕ್ಕಿಗೂ ತಿಳಿಯುವುದಿಲ್ಲ. ಮಜ್ಜಿಗೆ ಮೆಣಸಿನಕಾಯಿ ನಿನ್ನೆಯೇ ನೆನೆಹಾಕಿದ್ದೇನೆ.