ಹನ್ನೆರಡನೆಯ ಗೊಂಬೆ

ಮಗುವಿನ ಆಟಿಕೆಗೆ ಅಂಗಡಿಯ ಅಗತ್ಯವಿಲ್ಲ, ಮನೆಯ ಕಸವೇ ಸಾಕು ಎಂಬುದು ನನ್ನ ದೃಢವಾದ ಸಿದ್ಧಾಂತವಾಗಿತ್ತು. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ದಿನಗಳವು. ಧಾರವಾಡದಲ್ಲಿ ಬಿ.ಎ. ಮುಗಿಸಿ ಬೈಲಹೊಂಗಲಕ್ಕೆ ಬಂದಿದ್ದೆ. ಇಲ್ಲಿಯ ಎಳೆಯ ಮಕ್ಕಳಿಗೆ ಏನೂ ಇಲ್ಲದ್ದಕ್ಕೆ ಹೊಣೆ ಯಾರು ಎಂದು ಮೇಲಿನವರಿಗೆ ಮೂರು ಸಲ ಬರೆದು, ಉತ್ತರ ಬಾರದಿದ್ದಾಗ ಬಾಡಿಗೆಗೆ ಸಿಕ್ಕ ನೀಲವ್ವನವರ ಪಡಸಾಲೆಯಲ್ಲಿ ನಾನೇ ಶಿಶುವಿಹಾರ ತೆರೆದೆ. ಅದೇ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ವಾಸ. ಮಕ್ಕಳು ಹನ್ನೊಂದು; ಅವರಿಗೂ ಊರಿಗೂ ನಾನು 'ಅಕ್ಕಾರು'. ಅವರಲ್ಲಿ ಎಲ್ಲರಿಗಿಂತ ದೊಡ್ಡವನಿಗೆ ನಾಲ್ಕು ತುಂಬಿರಲಿಲ್ಲ.

ನಿಮ್ಮ ಅವ್ವನಿಗೆ ಬೇಡವಾದದ್ದನ್ನು ತನ್ನಿ ಎಂದು ಮಕ್ಕಳಿಗೆ ಅಪ್ಪಣೆ ಮಾಡಿದೆ. ಹರಿದ ಸೀರೆಯ ತುಂಡು, ಒಡೆದ ಬಳೆ, ರದ್ದಿ ಕಾಗದ ಬಂದವು. ಜೊತೆಗೆ ಪ್ರತಿಯೊಂದು ಮಗುವೂ ಒಂದು ಕೂದಲಿನ ಉಂಡೆ ತಂದಿತು. ನಮ್ಮ ಕಡೆಯ ಹೆಂಗಸರು ಬಾಚಣಿಗೆಗೆ ಬಂದ ಕೂದಲನ್ನು ಗೋಡೆಯ ಗೂಡಿನಲ್ಲಿ ಕೂಡಿಟ್ಟು, ಸೂಜಿ ಮಾರುವವಳು ಬಂದಾಗ ಕೊಟ್ಟು ಸೂಜಿ ಪಡೆಯುತ್ತಾರೆ. ಗೊಂಬೆಗೆ ಇದಕ್ಕಿಂತ ಒಳ್ಳೆಯ ಜಡೆ ಎಲ್ಲಿ ಸಿಕ್ಕೀತು!

ಕಾಗದವನ್ನು ನೆನೆಸಿ, ಮೆಂತ್ಯದೊಡನೆ ರುಬ್ಬಿ ತಲೆಗಳನ್ನು ಮಾಡಿದೆವು. ಜೋಳದ ಹಸಿ ದಂಟು ಕುತ್ತಿಗೆಯಾಯಿತು. ನಿಮಗೆ ಯಾರು ಬಹಳ ಇಷ್ಟವೋ ಅವರನ್ನೇ ಮಾಡಿ ಎಂದೆ. ಹನ್ನೊಂದೂ ಮಕ್ಕಳು ತಂತಮ್ಮ ತಾಯಿಯನ್ನೇ ಮಾಡಿದರು. ಕೂದಲು ಒಣಗುವ ತನಕ ಜಾರದಿರಲೆಂದು ಪ್ರತಿ ತಲೆಗೂ ಐದೈದು ಗುಂಡುಸೂಜಿಗಳನ್ನು ನಾನೇ ಶ್ರದ್ಧೆಯಿಂದ ಚುಚ್ಚಿದೆ. ಕೆನ್ನೆಗೆ ಕುಂಕುಮದ ನೀರು ಬಳಿದು, ಬೀದಿಗೆ ಮುಖ ಮಾಡಿಸಿ ಕಟ್ಟೆಯ ಮೇಲೆ ಸಾಲಾಗಿ ಒಣಗಲಿಟ್ಟೆ. ತಾಯಿಯ ಸೀರೆ, ತಾಯಿಯ ಕೂದಲು, ಮೇಲೆ ಸೂಜಿ. ಅಂದು ಅಮಾವಾಸ್ಯೆ! ಮಾಟಗಾರನೊಬ್ಬ ವರ್ಷವಿಡೀ ತಿರುಗಿದರೂ ಹೊಂದಿಸಲಾರದ ಸಿದ್ಧತೆಯನ್ನು ಸುಶಿಕ್ಷಿತಳಾದ ನಾನು ಒಂದೇ ಬೆಳಗಿನಲ್ಲಿ ಪೂರೈಸಿದ್ದೆ.

ಮಕ್ಕಳು ಊಟಕ್ಕೆ ಹೋದರು. ಮಟಮಟ ಮಧ್ಯಾಹ್ನ, ಓಣಿಯಲ್ಲಿ ಒಂದು ನಾಯಿಯೂ ಇಲ್ಲ. ಒಳಗೆ ಓದುತ್ತ ಕುಳಿತವಳಿಗೆ ಕಟ್ಟೆಯಿಂದ 'ಚಿಟ್' ಎಂಬ ಸಣ್ಣ ಸದ್ದು ಕೇಳಿಸಿತು. ತುಸು ಹೊತ್ತಿಗೆ ಇನ್ನೊಂದು. ಹೊರಗೆ ಬಂದು ನೋಡಿದರೆ ಗೊಂಬೆಗಳೆಲ್ಲ ಬೀದಿಯನ್ನು ಬಿಟ್ಟು ಬಾಗಿಲಿನತ್ತ ತಲೆ ತಿರುಗಿಸಿದ್ದವು. ಹಸಿ ದಂಟು ಒಣಗುವಾಗ ತಿರುಚಿಕೊಳ್ಳುತ್ತದೆ ಎಂದು ನನ್ನ ವಿದ್ಯೆ ಹೇಳಿತು. ಎಣಿಸಿದೆ. ಹನ್ನೆರಡು. ವಿದ್ಯೆ ಏನೂ ಹೇಳಲಿಲ್ಲ.

ಆ ಹನ್ನೆರಡನೆಯದು ಸಾಲಿನ ತುದಿಯಲ್ಲಿತ್ತು. ಅದಕ್ಕೆ ಸೂಜಿಯಿರಲಿಲ್ಲ, ಅಂದರೆ ನನ್ನ ಕೈ ಅದನ್ನು ಮುಟ್ಟಿರಲಿಲ್ಲ. ಕಣ್ಣಿನ ಸುತ್ತ ಕಪ್ಪು ಬಳೆಚೂರುಗಳ ದೊಡ್ಡ ವೃತ್ತಗಳು. ಬಾಯಿ ಅಗಲವಾಗಿ ತೆರೆದಿತ್ತು, ಯಾರನ್ನೋ ಕೂಗುತ್ತಿರುವಂತೆ. ನಾನು ಓಡಲಿಲ್ಲ. ಒಳಗೆ ಹೋಗಿ ಅಗಳಿ ಹಾಕಿಕೊಂಡೆ, ಅಷ್ಟೆ.

ಸಂಜೆಯೊಳಗೆ ತಾಯಂದಿರು ಬೀದಿಯಲ್ಲಿ ನಿಂತೇ ತಂತಮ್ಮ ಕೂದಲಿನ ಗುರುತು ಹಿಡಿದಿದ್ದರು. ಅವರಲ್ಲೊಬ್ಬಳಾದ ಶಾಂತವ್ವನ ಕುತ್ತಿಗೆ ಮಧ್ಯಾಹ್ನದಿಂದಲೇ ಹಿಡಿದುಕೊಂಡಿತ್ತು! ಮರುದಿನ ಒಂದು ಮಗುವೂ ಬರಲಿಲ್ಲ. ನೀಲವ್ವ ಮಾತ್ರ ಬಂದರು.

"ಅಕ್ಕಾರ, ನನಗ ನಿಮ್ಮ ಮ್ಯಾಲ ಸಂಶೇ ಇಲ್ಲರಿ. ಆದ್ರ ನಾಳಿ ಪಡಸಾಲಿ ಖಾಲಿ ಮಾಡಿಬಿಡ್ರಿ."

ಬುದ್ಧಿಯಿದ್ದವರು ಕ್ಷಮೆ ಕೇಳುತ್ತಿದ್ದರು. ನಾನು 'ವದಂತಿಗೆ ಜವಾಬ್ದಾರರು ಯಾರು?' ಎಂಬ ನಾಲ್ಕು ಪುಟದ ಹೇಳಿಕೆ ಬರೆದು, ಸಂಜೆ ತಾಯಂದಿರನ್ನು ಕರೆಸಿದೆ. ಮಕ್ಕಳನ್ನು ಸೊಂಟಕ್ಕೆ ಅವಚಿಕೊಂಡು ಅವರು ದೂರದಲ್ಲೇ ನಿಂತರು. ಮೊದಲ ಪುಟ ಮುಗಿಯುವ ಮುನ್ನವೇ ನೀಲವ್ವ ತಡೆದರು.

"ಸೂಜಿ ಚುಚ್ಚಿದಾಕಿ ನೀವ. ನಮ್ಮನ್ಯಾಕ ಕೇಳಾಕ ಹತ್ತೀರಿ?"

ಹೇಳಿಕೆಯನ್ನು ಮಡಿಚಿಟ್ಟೆ. ಕುಳಿತು ಐವತ್ತೈದು ಸೂಜಿಗಳನ್ನೂ ಕಿತ್ತೆ. ಕೂದಲನ್ನು ಬಿಡಿಸಿ, ಗೊಂಬೆಯೊಡನೆ ಒಬ್ಬೊಬ್ಬರಿಗೂ ಒಪ್ಪಿಸಿದೆ. ಹನ್ನೊಂದು ಕೈಗಳು ಮುಂದೆ ಬಂದವು, ಹಿಂದೆ ಸರಿದವು. ಕಟ್ಟೆಯ ಮೇಲೆ ಆ ಹನ್ನೆರಡನೆಯದೊಂದೇ ಉಳಿಯಿತು, ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತ. ಅದನ್ನು ಇಟ್ಟವರು ಈ ಕ್ಷಣವೇ ಮುಂದೆ ಬಂದು ಉತ್ತರ ಕೊಡತಕ್ಕದ್ದು ಎಂದು ಗರ್ಜಿಸಿದೆ. ಆದರೆ ಕಾಲುಗಳು ನನ್ನನ್ನು ಕೇಳದೆಯೇ ನೀಲವ್ವನ ಬೆನ್ನ ಹಿಂದೆ ಹೋಗಿ ನಿಂತವು.

ಶಾಂತವ್ವನ ಸೊಂಟದಿಂದ ಮೂರು ವರ್ಷದ ಕಸ್ತೂರಿ ಜಾರಿ ಇಳಿದಳು. ಕಟ್ಟೆ ಹತ್ತಿ ಗೊಂಬೆಯನ್ನು ಎತ್ತಿ ಎದೆಗೊತ್ತಿಕೊಂಡಳು.

"ಇದು ಅಕ್ಕಾರು. ಅವರು ಸೂಜಿ ಚುಚ್ಚುಮುಂದ ನಾವೆಲ್ಲಾ ಕೂಡಿ ಮಾಡೀವಿ."

ನೋಡಿದೆ. ಕೂದಲು ನನ್ನ ಕೋಣೆಯ ಗೂಡಿನದು. ಕಪ್ಪು ವೃತ್ತಗಳು ನನ್ನ ಕನ್ನಡಕ.

"ಬಾಯಿ ಯಾಕವಾ ತಗದೈತಿ?" ನೀಲವ್ವ ಕೇಳಿದರು.

"ನಾವು ಮುಚ್ಚಿದ್ವಿ. ಆಮ್ಯಾಲ ನೋಡಿದ್ರ, ಅಕ್ಕಾರಂಗ ಕಾಣಲೇ ಇಲ್ಲ."

ಮೊದಲು ನಕ್ಕವಳು ಶಾಂತವ್ವ, ಕುತ್ತಿಗೆ ಹಿಡಿದುಕೊಂಡೇ. ನೀಲವ್ವ ತಮ್ಮ ಸೆರಗನ್ನು ನನ್ನ ಮುಷ್ಟಿಯಿಂದ ಮೆಲ್ಲಗೆ ಬಿಡಿಸಿಕೊಂಡರು.

"ಇರ್ರಿ ಅಕ್ಕಾರ, ಖಾಲಿ ಮಾಡೂದು ಬ್ಯಾಡ. ಇಷ್ಟು ಅಂಜುವಾಕಿ ಯಾರಿಗೆ ಮಾಟ ಮಾಡಿಯಾಳು?"

ಪದವಿ ಉಳಿಸಲಾರದ ಶಿಶುವಿಹಾರವನ್ನು ನನ್ನ ಪುಕ್ಕಲುತನ ಉಳಿಸಿತು. ಅಂಜುವಾಕಿ ಎಂಬ ಆರೋಪವನ್ನು ತೀವ್ರವಾಗಿ ಖಂಡಿಸಬೇಕೆಂದು ಬಾಯಿ ತೆರೆದೆ. ಕಸ್ತೂರಿ ಒಮ್ಮೆ ಗೊಂಬೆಯನ್ನು, ಒಮ್ಮೆ ನನ್ನನ್ನು ನೋಡಿದಳು.

ಮುಚ್ಚಿಕೊಂಡೆ.